20 ಮಿ.ಮೀ. ಚೌಕ 19.72 ಆಗುವುದೇಕೆ?

ಪ್ರಶ್ನೆ: ಬೆಲ್ಟಿನ ಮೇಲೆ ಓಡುವ ಸಣ್ಣ ಲೇಸರ್ ಕಟರ್‌ನಲ್ಲಿ 3 ಮಿ.ಮೀ. ಪ್ಲೈವುಡ್ ಕತ್ತರಿಸುತ್ತೇನೆ. 20 ಮಿ.ಮೀ. ಚೌಕ ಕೊಟ್ಟರೆ 19.72 ಬರುತ್ತದೆ, 120 ಕೊಟ್ಟರೆ 119.32. ಡಬ್ಬಿ ಜೋಡಿಸಿದರೆ ಹಲ್ಲುಗಳು ಸಡಿಲ. ಸ್ಟೆಪ್ಸ್ ಸಂಖ್ಯೆಯನ್ನು (ಒಂದು ಮಿ.ಮೀ. ಚಲಿಸಲು ಮೋಟಾರು ಇಡುವ ಹೆಜ್ಜೆಗಳ ಲೆಕ್ಕ) ಎಷ್ಟಕ್ಕೆ ಏರಿಸಬೇಕು?
– ಓದುಗರೊಬ್ಬರು, ರಾಯಚೂರು

ಉತ್ತರ: ನೀವು ಎರಡು ಅಳತೆಗಳನ್ನು ಕಳುಹಿಸಿದ್ದರಿಂದಲೇ ಇದಕ್ಕೆ ಖಚಿತವಾಗಿ ಉತ್ತರಿಸಲು ಸಾಧ್ಯವಾಗಿದೆ, ಒಂದೇ ಅಳತೆಯಾಗಿದ್ದರೆ ಆಗುತ್ತಿರಲಿಲ್ಲ. ನಿಮ್ಮ ತುಂಡುಗಳಲ್ಲಿ ಎರಡು ಬೇರೆ ಬೇರೆ ದೋಷಗಳು ಬೆರೆತಿವೆ. ಬಡಗಿಯ ಗರಗಸ ಮರವನ್ನು ತಿನ್ನುವಂತೆ ಲೇಸರ್ ಕಿರಣವೂ ತನ್ನ ದಾರಿಯಷ್ಟು ಅಗಲದ ಮರವನ್ನು ಸುಟ್ಟುಬಿಡುತ್ತದೆ. ಕರ್ಫ್ ಎನ್ನುವ ಈ ನಷ್ಟವು ತುಂಡು ಚಿಕ್ಕದಿರಲಿ, ದೊಡ್ಡದಿರಲಿ, ಒಂದೇ ಸಮನಾಗಿರುತ್ತದೆ. ಇನ್ನೊಂದು ಯಂತ್ರದ ಚಲನೆಯ ದೋಷ. ಅದು ಉದ್ದದೊಂದಿಗೆ ಬೆಳೆಯುತ್ತದೆ.

119.32ರಿಂದ 19.72 ಕಳೆಯಿರಿ. ಎರಡರಲ್ಲೂ ಇದ್ದ ಕರ್ಫ್ ಪರಸ್ಪರ ಕಳೆದುಹೋಗಿ 99.60 ಉಳಿಯುತ್ತದೆ. ಅಂದರೆ 100 ಮಿ.ಮೀ. ಚಲಿಸಬೇಕಾದ ಕಡೆ ಯಂತ್ರವು 99.60 ಮಾತ್ರ ಚಲಿಸಿದೆ. 2 ಮಿ.ಮೀ. ಅಂತರದ ಹಲ್ಲಿನ ಬೆಲ್ಟು, 20 ಹಲ್ಲಿನ ಪುಲ್ಲಿ, 16ರ ಮೈಕ್ರೋಸ್ಟೆಪ್ (ಮೋಟಾರಿನ ಒಂದು ಹೆಜ್ಜೆಯನ್ನು 16 ಭಾಗ ಮಾಡುವುದು) ಇರುವ ಯಂತ್ರದಲ್ಲಿ ಸ್ಟೆಪ್ಸ್ ಸಂಖ್ಯೆ ಸಾಮಾನ್ಯವಾಗಿ ಮಿ.ಮೀ.ಗೆ 80 ಇರುತ್ತದೆ. 80ನ್ನು 100ರಿಂದ ಗುಣಿಸಿ 99.60ರಿಂದ ಭಾಗಿಸಿದರೆ 80.32, ಜಿಆರ್‌ಬಿಎಲ್ ಎಂಬ ನಿಯಂತ್ರಣ ತಂತ್ರಾಂಶವಿರುವ ಯಂತ್ರದಲ್ಲಿ ಎಕ್ಸ್ ಅಕ್ಷಕ್ಕೆ $100, ವೈ ಅಕ್ಷಕ್ಕೆ $101 ಎಂಬಲ್ಲಿ ಇದನ್ನು ತುಂಬಬೇಕು. ಎರಡು ಅಕ್ಷಗಳ ಲೆಕ್ಕ ಬೇರೆಯಾಗಿರಬಹುದು, ಆದ್ದರಿಂದ ತುಂಡನ್ನು ಎತ್ತುವ ಮೊದಲೇ ಅದರ ಮೇಲೆ ಪೆನ್ಸಿಲ್ಲಿನಲ್ಲಿ ಎಕ್ಸ್ ದಿಕ್ಕಿಗೆ ಬಾಣ ಎಳೆದಿಡಿ.

ಚಿಕ್ಕ ಚೌಕವೊಂದನ್ನೇ ನಂಬಿ ಲೆಕ್ಕ ಹಾಕಿದ್ದರೆ 81.14 ಬರುತ್ತಿತ್ತು. ಆಗ 20ರ ಚೌಕ ಹೆಚ್ಚುಕಡಿಮೆ ಸರಿಹೋದಂತೆ ಕಂಡು, 120ರದು 121 ದಾಟುತ್ತಿತ್ತು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಆದರೂ ಸಂಖ್ಯೆಯನ್ನು ಮುಟ್ಟುವ ಮೊದಲು ಬೆಲ್ಟಿನ ಬಿಗಿಯನ್ನೂ ಮೋಟಾರಿನ ದಂಡಕ್ಕೆ ಪುಲ್ಲಿಯನ್ನು ಹಿಡಿದಿರುವ ಸಣ್ಣ ಸ್ಕ್ರೂವನ್ನೂ ಪರೀಕ್ಷಿಸಿರಿ. ಸಡಿಲಾದ ಸ್ಕ್ರೂವಿನ ತಪ್ಪನ್ನು ಸ್ಟೆಪ್ಸ್‌ನಿಂದ ತಿದ್ದಿದರೆ ನಾಳೆ ಬೇರೆಯೇ ಅಳತೆ ಬರುತ್ತದೆ.

ಇನ್ನು ಕರ್ಫ್. ಚಲನೆ ಸರಿಹೋದ ಮೇಲೆ 10 ಮಿ.ಮೀ. ಅಂತರದಲ್ಲಿ 11 ಗೆರೆ ಕತ್ತರಿಸಿ, ಸಿಗುವ 10 ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ ಕ್ಯಾಲಿಪರ್‌ನಲ್ಲಿ ಹಿಡಿಯಿರಿ. 98.0 ಬಂದರೆ ಒಂದೊಂದು ಪಟ್ಟಿ 0.2 ಮಿ.ಮೀ. ಕಳೆದುಕೊಂಡಿದೆ, ನಿಮ್ಮ ಅಂಕಿಗಳಿಂದಲೂ ಅದೇ 0.2 ಹೊರಡುತ್ತದೆ (20ರ ಬದಲು ಯಂತ್ರ ಚಲಿಸಿದ್ದು 19.92, ಸಿಕ್ಕಿದ್ದು 19.72). ಡಬ್ಬಿಯ ಹಲ್ಲು 0.2 ಸವೆದು, ಅದು ಕೂರುವ ಸಂದು 0.2 ಹಿಗ್ಗುವುದರಿಂದ ಒಟ್ಟು 0.4 ಸಡಿಲವಾಗುತ್ತದೆ. ಲೈಟ್‌ಬರ್ನ್ ಎಂಬ ಲೇಸರ್ ತಂತ್ರಾಂಶ ಬಳಸುವವರು ಕರ್ಫ್ ಆಫ್‌ಸೆಟ್‌ನಲ್ಲಿ ಕರ್ಫಿನ ಅರ್ಧವನ್ನು, ಅಂದರೆ 0.1 ಅನ್ನು ಕೊಡಬೇಕು.

ಕರ್ಫ್ ಹಲಗೆಯ ದಪ್ಪ, ಫೋಕಸ್, ವೇಗ, ಶಕ್ತಿಗಳೊಂದಿಗೆ ಬದಲಾಗುವುದರಿಂದ ಹಲಗೆ ಬದಲಾದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಸ್ಟೆಪ್ಸ್ ಮುಟ್ಟಬೇಕಾಗಿಲ್ಲ. ಅಕ್ರಿಲಿಕ್ ಆದರೆ ರಾಯಚೂರಿನ ಬೇಸಿಗೆಯನ್ನೂ ಗಮನದಲ್ಲಿಡಿ: ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುವ ಹಾಳೆ ಅದು. ಕತ್ತರಿಸಿದ ಬಿಸಿಯಲ್ಲಿ ಅಳೆಯದೆ, ಆರಿದ ಮೇಲೆಯೇ ಕ್ಯಾಲಿಪರ್ ಹಿಡಿಯಿರಿ.