ಉಪ್ಪಿನ ಗುಹೆಯಲ್ಲಿ ಹೈಡ್ರೋಜನ್: ಸೋರುವುದು ಎಲ್ಲಿ, ಜನ ಕೇಳುವುದು ಏನು?

ಮಧ್ಯಾಹ್ನದ ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಿಡಲು ಬ್ಯಾಟರಿ ಸಾಕು. ಉತ್ತರ ಯುರೋಪಿನ ತೊಂದರೆ ಬೇರೆ. ಅಲ್ಲಿ ಚಳಿಗಾಲದಲ್ಲಿ ವಾರಗಟ್ಟಲೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ ಅನ್ನುವ ದಿನಗಳು ಬರುತ್ತವೆ. ಅಷ್ಟು ದಿನಕ್ಕೆ ಬ್ಯಾಟರಿ ಇಟ್ಟುಕೊಂಡರೆ ಖರ್ಚು ಪೂರೈಸುವುದಿಲ್ಲ. ಅದಕ್ಕೇ ಹೆಚ್ಚಾದ ಕರೆಂಟಿನಿಂದ ನೀರನ್ನು ಒಡೆದು, ಹೈಡ್ರೋಜನ್ ಮಾಡಿ, ನೆಲದಡಿ ಇಡುವ ಯೋಚನೆ.

ನೆಲದಡಿಯೇ ಯಾಕೆ? ಒಂದು ಕಿಲೋ ಹೈಡ್ರೋಜನ್ನಿನಲ್ಲಿ ಸುಮಾರು 33 ಯೂನಿಟ್ ಶಕ್ತಿ ಇದೆ, ಅಷ್ಟೇ ತೂಕದ ಪೆಟ್ರೋಲಿನ ಎರಡೂವರೆ ಪಟ್ಟಿಗಿಂತಲೂ ಜಾಸ್ತಿ. ಆದರೆ ಮಾಮೂಲಿ ಒತ್ತಡದಲ್ಲಿ ಆ ಒಂದು ಕಿಲೋಗೆ 11 ಘನ ಮೀಟರ್ ಜಾಗ ಬೇಕು. ತೂಕ ಮತ್ತು ಗಾತ್ರದ ಈ ಗೊಂದಲದಲ್ಲಿ ನಾನೂ ಮೊದಮೊದಲು ಎಡವಿದ್ದೆ. ಹಾಗಾಗಿ ಒಂದು ಲೆಕ್ಕ ಹಾಕಿಯೇ ನೋಡೋಣ.

ಇಂಗ್ಲೆಂಡಿನ ಟೀಸೈಡ್‌ನಲ್ಲಿ 1972ರಿಂದ ಮೂರು ಉಪ್ಪಿನ ಗುಹೆಗಳಲ್ಲಿ ಹೈಡ್ರೋಜನ್ ಇಡುತ್ತಿದ್ದಾರೆ. ಆಗ ಹಸಿರು ಇಂಧನದ ಮಾತೇ ಇರಲಿಲ್ಲ, ಅದು ರಾಸಾಯನಿಕ ಕಾರ್ಖಾನೆಗಳ ಬಳಕೆಗೆ. ಒಂದು ಗುಹೆ ಸುಮಾರು 70,000 ಘನ ಮೀಟರ್, ಒತ್ತಡ 45 ಬಾರ್, ಅಂದರೆ ಮಾಮೂಲಿ ಗಾಳಿಯ ಒತ್ತಡದ ಸುಮಾರು 45 ಪಟ್ಟು. ಆ ಒತ್ತಡದಲ್ಲಿ ಒಂದು ಘನ ಮೀಟರಿಗೆ 3.6 ಕಿಲೋ ಹಿಡಿಯುತ್ತದೆ. ಅಂದರೆ ಗುಹೆಗೆ ಸುಮಾರು 250 ಟನ್. ಅದನ್ನು 33ರಿಂದ ಗುಣಿಸಿ: 80 ಲಕ್ಷ ಯೂನಿಟ್ ದಾಟುತ್ತದೆ. ಖುಷಿಪಡುವ ಮುಂಚೆ ಇನ್ನೊಂದು ಹೆಜ್ಜೆ ಇದೆ. ಅದನ್ನು ಮತ್ತೆ ಕರೆಂಟು ಮಾಡುವಾಗ ಅರ್ಧದಷ್ಟು ಶಾಖವಾಗಿ ಹೋಗುತ್ತದೆ. ಕೈಗೆ ಸಿಗುವುದು ಸುಮಾರು 40 ಲಕ್ಷ. ತಿಂಗಳಿಗೆ 100 ಯೂನಿಟ್ ಉರಿಸುವ 40,000 ಮನೆಗಳ ಒಂದು ತಿಂಗಳ ಬಳಕೆ, ಒಂದೇ ಗುಹೆಯಿಂದ.

ಗುಹೆ ಮಾಡುವ ಕೆಲಸ ಕೇಳೋಕೆ ಸುಲಭ. ಉಪ್ಪಿನ ಪದರಕ್ಕೆ ಬಾವಿ ಕೊರೆದು ಸಿಹಿನೀರು ಬಿಡುತ್ತಾರೆ, ಉಪ್ಪು ಕರಗುತ್ತದೆ, ಉಪ್ಪುನೀರು ಮೇಲೆ ಬರುತ್ತದೆ. ಒಂದು ಘನ ಮೀಟರ್ ಜಾಗಕ್ಕೆ ಏಳೆಂಟು ಘನ ಮೀಟರ್ ನೀರಾದರೂ ಬೇಕು. ಆ ಉಪ್ಪುನೀರನ್ನು ಎಲ್ಲಿಗೆ ಬಿಡುವುದು ಅನ್ನುವಲ್ಲೇ ಊರಿನವರ ಮೊದಲ ತಕರಾರು ಶುರುವಾಗುತ್ತದೆ. ಉಪ್ಪಿಗೆ ಒಂದು ಒಳ್ಳೆಯ ಗುಣ ಇದೆ. ಆಳದ ಒತ್ತಡಕ್ಕೆ ಅದು ನಿಧಾನವಾಗಿ ಹರಿಯುತ್ತದೆ, ಸಣ್ಣ ಬಿರುಕು ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಅದೇ ಗುಣದಿಂದ ಗುಹೆ ಕುಗ್ಗಲೂಬಹುದು. ಅದಕ್ಕೆ ಬಹುತೇಕ ಗುಹೆಗಳಲ್ಲಿ ಒಂದಷ್ಟು ಅನಿಲವನ್ನು ಯಾವತ್ತೂ ತೆಗೆಯದೆ ಬಿಡುತ್ತಾರೆ. ಇದೇ ಕುಶನ್ ಗ್ಯಾಸ್. ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಇದ್ದ ಹಾಗೆ. ಟೀಸೈಡ್‌ನಲ್ಲಿ ಉಪ್ಪುನೀರನ್ನೇ ಒಳಗೆ ಬಿಟ್ಟು ಒತ್ತಡ ಕಾಪಾಡುವುದರಿಂದ ಈ ತಾಪತ್ರಯ ಕಡಿಮೆ.

ನಮ್ಮ ಉಡುಪಿ ಜಿಲ್ಲೆಯ ಪಾದೂರಿನ ಕಚ್ಚಾ ತೈಲದ ಗುಹೆಗಳಲ್ಲಿ ಹೈಡ್ರೋಜನ್ ಇಡಬಹುದಾ? ಹಾಗೇ ಇಡಲು ಆಗುವುದಿಲ್ಲ. ಅಲ್ಲಿರುವುದು ಗಟ್ಟಿ ಬಂಡೆ. ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ. ಹತ್ತಾರು ಬಾರ್ ಒತ್ತಡದ ಹೈಡ್ರೋಜನ್ನಿಗೆ ಅದು ಸಾಲದು, ಬಂಡೆಗೆ ಒಳಗಿಂದ ಉಕ್ಕಿನ ಹೊದಿಕೆ ಬೇಕು. ಸ್ವೀಡನ್ನಿನ ಲೂಲಿಯೋದಲ್ಲಿ 2022ರಲ್ಲಿ ಅಂಥದ್ದೊಂದು ಪ್ರಯೋಗ ಶುರುವಾಯಿತು. ಅದು ಬರೀ 100 ಘನ ಮೀಟರ್.

ಈಗ ಸುರಕ್ಷತೆ. ಗಾಳಿಯಲ್ಲಿ 4ರಿಂದ 75 ಶೇಕಡಾ ಬೆರೆತರೆ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೇ ಕಾಣದು. ಆದರೆ ಗುಹೆಯೊಳಗೆ ಆಮ್ಲಜನಕವೇ ಇಲ್ಲವಲ್ಲ, ಹೊತ್ತಿಕೊಳ್ಳುವುದಾದರೂ ಹೇಗೆ? ಅಪಾಯ ಇರುವುದು ಬಾವಿಯಲ್ಲಿ. ಬೋರ್‌ವೆಲ್ ಕೊರೆಸಿದವರಿಗೆ ಕೇಸಿಂಗ್ ಪೈಪ್, ಅಂದರೆ ಬಾವಿಯ ಒಳಗೋಡೆಗೆ ಇಳಿಸುವ ಕೊಳವೆ, ಗೊತ್ತು. ಅದು, ಅದರ ಸುತ್ತಲಿನ ಸಿಮೆಂಟು, ಬಾಯಿಯ ವಾಲ್ವ್, ಈ ಮೂರೇ ದುರ್ಬಲ ಜಾಗಗಳು.

2001ರ ಜನವರಿಯಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಆದದ್ದು ಇದೇ. ಉಪ್ಪಿನ ಗುಹೆಯಲ್ಲಿದ್ದ ನೈಸರ್ಗಿಕ ಅನಿಲ ಬಾವಿಯ ಕೇಸಿಂಗ್‌ನಿಂದ ಸೋರಿತು. ನೆಲದೊಳಗೇ ಸುಮಾರು 11 ಕಿಲೋಮೀಟರ್ ಸಾಗಿ ಹಚಿನ್ಸನ್ ಊರು ತಲುಪಿತು. ಅಲ್ಲಿ ಹಿಂದೆ ಉಪ್ಪು ತೆಗೆಯಲು ಕೊರೆದು, ಸರಿಯಾಗಿ ಮುಚ್ಚದೆ ಬಿಟ್ಟ ಬಾವಿಗಳಿದ್ದವು. ಅವುಗಳ ಮೂಲಕ ಮೇಲೆ ಬಂದು ಸ್ಫೋಟಿಸಿತು. ಇಬ್ಬರು ಸತ್ತರು. ಗುಹೆಯ ಗೋಡೆಗೆ ಏನೂ ಆಗಿರಲಿಲ್ಲ. ಹಾಗಾಗಿ ಎಲ್ಲಾದರೂ ಗುಹೆ ಮಾಡುತ್ತೇವೆ ಅಂದರೆ ಹಳೇ ಬಾವಿಗಳ ನಕ್ಷೆ ಮೊದಲು ಕೇಳಬೇಕು.

ಸೂಕ್ಷ್ಮಜೀವಿಗಳ ವಿಷಯ ಬೇಗ ಮುಗಿಸುತ್ತೇನೆ. ಉಪ್ಪಿನ ಬದಲು ನೀರು ತುಂಬಿದ ಮರಳುಕಲ್ಲಿನಲ್ಲಿ ಇಟ್ಟರೆ ಅವು ಹೈಡ್ರೋಜನ್ ತಿಂದು ಮೀಥೇನ್ ಮಾಡುತ್ತವೆ. ಚೆಕ್ ದೇಶದ ಲೊಬೊಡಿಸ್‌ನಲ್ಲಿ ಇಟ್ಟ ಅನಿಲದಲ್ಲಿ ಹೈಡ್ರೋಜನ್ ಪಾಲು ಏಳು ತಿಂಗಳಲ್ಲಿ 54ರಿಂದ 37 ಶೇಕಡಾಕ್ಕೆ ಇಳಿಯಿತು.

ಜನ ಒಪ್ಪುವ ವಿಷಯಕ್ಕೆ ನೆದರ್ಲೆಂಡ್ಸಿನ ಗ್ರೋನಿಂಗನ್ ಪ್ರಾಂತ್ಯಕ್ಕಿಂತ ಒಳ್ಳೆಯ ಪಾಠ ಸಿಗದು. 1959ರಲ್ಲಿ ಅಲ್ಲಿ ದೊಡ್ಡ ಅನಿಲ ನಿಕ್ಷೇಪ ಸಿಕ್ಕಿತು. ಸುಮಾರು 3 ಕಿಲೋಮೀಟರ್ ಆಳದ ಮರಳುಕಲ್ಲಿನಿಂದ ಅನಿಲ ತೆಗೆದಂತೆ ಒತ್ತಡ ಇಳಿದು, ಕಲ್ಲು ಕುಗ್ಗಿ, ನೆಲ ನಡುಗತೊಡಗಿತು. 2012ರಲ್ಲಿ ಹೌಜಿಂಗದಲ್ಲಿ 3.6 ತೀವ್ರತೆಯ ಕಂಪನ. ಇಟ್ಟಿಗೆ ಮನೆಗಳು ಬಿರುಕು ಬಿಟ್ಟವು. 2023ರ ಫೆಬ್ರವರಿಯಲ್ಲಿ ಸಂಸತ್ತಿನ ತನಿಖೆಯೇ ಊರಿನವರ ಹಿತವನ್ನು ಸತತವಾಗಿ ಕಡೆಗಣಿಸಲಾಯಿತು ಎಂದಿತು. ಅದೇ ಅಕ್ಟೋಬರಿನಲ್ಲಿ ಅನಿಲ ತೆಗೆಯುವುದು ನಿಂತಿತು.

ಅದೇ ಪ್ರಾಂತ್ಯದ ಜೌಡ್‌ವೆಂಡಿಂಗ್‌ನಲ್ಲಿ ಈಗ ಹೈಡ್ರೋಜನ್ ಗುಹೆಯ ಯೋಜನೆ ಇದೆ. ಭೂವಿಜ್ಞಾನಿ ಹೇಳುವುದು ಸರಿಯೇ: ಇದು ಉಪ್ಪು, ಅದು ಮರಳುಕಲ್ಲು, ಆಳ ಬೇರೆ, ನಡುಗಲು ಕಾರಣವೂ ಬೇರೆ. ಆದರೆ ಗೋಡೆಯ ಬಿರುಕಿಗೆ ಪರಿಹಾರ ಕೇಳಿ ವರ್ಷಗಟ್ಟಲೆ ಅಲೆದವರಿಗೆ ಈ ವ್ಯತ್ಯಾಸ ತೋರಿಸಿದರೆ ಸಾಕೇ? ಅವರು ಕೇಳುವುದೇ ಬೇರೆ. ಅಲ್ಲಿ 2016ರ ಕೊನೆಗೆ ಒಂದು ಕಾನೂನು ಬಂತು. ಆ ಪ್ರದೇಶದಲ್ಲಿ ಮನೆಗೆ ಅಂಥ ಹಾನಿಯಾದರೆ ಕಾರಣ ಅನಿಲ ತೆಗೆದದ್ದೇ ಎಂದು ಮೊದಲಿಗೆ ಭಾವಿಸಬೇಕು. ಅಲ್ಲ ಎನ್ನುವುದಾದರೆ ಕಂಪನಿಯೇ ಸಾಬೀತು ಮಾಡಬೇಕು. ಹೊಸ ಗುಹೆಯ ಪಕ್ಕದ ಮನೆಯವರ ಪ್ರಶ್ನೆಯೂ ಅದೇ ಜಾತಿಯದು. ನಾಳೆ ನಮ್ಮ ಗೋಡೆ ಬಿರುಕು ಬಿಟ್ಟರೆ ಸಾಬೀತು ಮಾಡಬೇಕಾದವರು ನಾವೋ, ನೀವೋ? ಈ ವಿಷಯ ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು: ಪರೀಕ್ಷೆಯಲ್ಲಿ ಸಾಮಾಜಿಕ ಒಪ್ಪಿಗೆ ಬಗ್ಗೆ ಕೇಳಿದರೆ ಉಪ್ಪಿನ ಗುಣ ಬರೆಯಬೇಡಿ, ಈ ಪ್ರಶ್ನೆಯಿಂದ ಶುರು ಮಾಡಿ.