ಫೋನಲ್ಲೇ ಮ್ಯಾಪ್ ಇರುವಾಗ ಗೈಡ್ ಯಾಕೆ?

ಪ್ರಶ್ನೆ: ಮುಂದಿನ ತಿಂಗಳು ಒಂದು ಹಳೆಯ ಊರು ನೋಡಲು ಹೋಗುತ್ತಿದ್ದೇವೆ. ಗೈಡ್ ಜೊತೆ ಎರಡು ಗಂಟೆ ನಡೆದು ನೋಡುವ ಟೂರ್ ಇದೆಯಂತೆ. ಫೋನಲ್ಲೇ ಮ್ಯಾಪ್ ಇದೆ, ಇತಿಹಾಸವೂ ಸಿಗುತ್ತದೆ. ಗೈಡ್‌ಗೆ ದುಡ್ಡು ಕೊಡುವುದು ಸುಮ್ನೆ ದಂಡ ಅಲ್ವಾ?

ಉತ್ತರ: ಬರೀ ದಾರಿ ತೋರಿಸಲಿಕ್ಕಾದರೆ ದಂಡವೇ. ಆ ಕೆಲಸ ಫೋನಿಗೇ ಚೆನ್ನಾಗಿ ಬರುತ್ತದೆ. ಆದರೆ ಫೋನು ನೀವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ಹೊಸ ಊರಲ್ಲಿ ಏನು ಕೇಳಬೇಕು ಅನ್ನೋದೇ ನಮಗೆ ಗೊತ್ತಿರುವುದಿಲ್ಲವಲ್ಲ.

ಚೆಕ್ ದೇಶದ ಪ್ರಾಗ್ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದೊಂದು ಮನೆಗೆ ಎರಡೆರಡು ನಂಬರ್ ಫಲಕ ಇರುತ್ತದೆ, ಒಂದು ಕೆಂಪು, ಒಂದು ನೀಲಿ. ನೀಲಿಯದು ಆ ಬೀದಿಯ ಸಾಲಿನಲ್ಲಿ ಮನೆ ಎಷ್ಟನೆಯದು ಅನ್ನುವ ನಂಬರ್. ಕೆಂಪಿನದು ಆ ಬಡಾವಣೆಯ ದಾಖಲೆಯಲ್ಲಿರುವ ನಂಬರ್. ಮನೆಗಳಿಗೆ ನಂಬರ್ ಹಾಕುವ ಪದ್ಧತಿ ಬಂದಿದ್ದು 1770ರಲ್ಲಿ, ರಾಣಿ ಮರಿಯಾ ತೆರೇಸಾ ಆಳುತ್ತಿದ್ದ ಕಾಲದಲ್ಲಿ. ಅದಕ್ಕೂ ಮುಂಚೆ? ತಲೆ ಎತ್ತಿ ನೋಡಿ ಅನ್ನುತ್ತಾರೆ ಗೈಡ್. ನೆರುಡೋವಾ ಬೀದಿಯಲ್ಲಿ ಒಂದು ಮನೆಯ ಬಾಗಿಲ ಮೇಲೆ ಮೂರು ಪಿಟೀಲು, ಇನ್ನೊಂದರ ಮೇಲೆ ಎರಡು ಸೂರ್ಯ, ಮತ್ತೊಂದರ ಮೇಲೆ ಚಿನ್ನದ ಬೀಗದ ಕೈ. ಆಗೆಲ್ಲ ಅದೇ ವಿಳಾಸ. ಮೂರು ಪಿಟೀಲಿನ ಮನೆಯಲ್ಲಿ ಪಿಟೀಲು ಮಾಡುವವರೇ ಇದ್ದರು. ಮ್ಯಾಪ್ ಹಿಡಿದು ಹೋಗುವವನು ಅದೇ ಬೀದಿಯಲ್ಲಿ ಫೋನಿನ ನೀಲಿ ಚುಕ್ಕೆ ನೋಡುತ್ತಾ, ಮೇಲಿರುವ ಕೋಟೆ ಇನ್ನೆಷ್ಟು ದೂರ ಅಂತ ಏದುಸಿರು ಬಿಡುತ್ತಾ ಏರು ಹತ್ತಿಬಿಡುತ್ತಾನೆ.

ಇದು ಒಳ್ಳೆಯ ಗೈಡ್ ಮಾತಾಯಿತು. ಎಲ್ಲರೂ ಹಾಗಿರುವುದಿಲ್ಲ. ಅಂತೆಕಂತೆಗಳನ್ನೇ ಇತಿಹಾಸ ಅಂತ ದಾಟಿಸುವವರು ಬೇಕಾದಷ್ಟು ಜನ. ಅದೇ ಪ್ರಾಗ್‌ನ ಹಳೆಯ ಗಡಿಯಾರದ ಮುಂದೆ ನಿಂತು, ಇದನ್ನು ಮಾಡಿದ ಹಾನುಷ್ ಎಂಬಾತ ಇಂಥದ್ದೇ ಇನ್ನೊಂದು ಮಾಡಬಾರದು ಅಂತ ಅವನ ಕಣ್ಣು ಕೀಳಿಸಿದರು ಅಂತ ಹೇಳುತ್ತಾರೆ. ಮಾಸ್ಕೋದ ಸೇಂಟ್ ಬೇಸಿಲ್ ಚರ್ಚ್ ಮುಂದೆ ನಿಂತರೆ ಅಲ್ಲೂ ಇದೇ ಕತೆ, ಕಣ್ಣು ಕೀಳಿಸಿದವನು ಮಾತ್ರ ರಷ್ಯಾದ ದೊರೆ ಇವಾನ್. ಆಗ್ರಾಕ್ಕೆ ಬಂದರೆ ಕಣ್ಣಿನ ಬದಲು ಕೈ, ಅಷ್ಟೇ ವ್ಯತ್ಯಾಸ! ಮೂರಕ್ಕೂ ಆಧಾರವಿಲ್ಲ. 1410ರ ಆ ಗಡಿಯಾರವನ್ನು ಮಾಡಿದವನು ಕಡಾನ್ ಊರಿನ ಮಿಕುಲಾಷ್ ಅಂತ ದಾಖಲೆಯೇ ಇದೆ.

ಕತೆ ಹೇಳಬಾರದು ಅಂತ ನನ್ನ ತಕರಾರಲ್ಲ, ಕತೆ ಇಲ್ಲದೆ ಎರಡು ಗಂಟೆ ಬರೀ ಇಸವಿ ಕೇಳುತ್ತಾ ನಡೆಯಲು ಯಾರಿಂದ ಆಗುತ್ತೆ? ನೀವು ಒಂದು ಕೆಲಸ ಮಾಡಿ. ಟೂರ್ ಶುರುವಾದ ಹತ್ತು ನಿಮಿಷಕ್ಕೇ ಮೆಲ್ಲಗೆ ಕೇಳಿ, "ಇದಕ್ಕೆ ದಾಖಲೆ ಇದೆಯಾ, ಇಲ್ಲ ಜನ ಹೇಳುವ ಕತೆಯಾ?" ಅಂತ. ಬಲ್ಲವರಿಗೆ ಈ ಪ್ರಶ್ನೆ ಖುಷಿ ಕೊಡುತ್ತದೆ. ಲಂಡನ್ನಿನ ಹಳೆಯ ಮನೆಗಳಲ್ಲಿ ಇಟ್ಟಿಗೆ ಹಾಕಿ ಮುಚ್ಚಿದ ಕಿಟಕಿಗಳು ಕಾಣುತ್ತವೆ. 1696ರಿಂದ 1851ರವರೆಗೆ ಇಂಗ್ಲೆಂಡಿನಲ್ಲಿ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು, ತಪ್ಪಿಸಿಕೊಳ್ಳಲು ಜನ ಕಿಟಕಿಯನ್ನೇ ಮುಚ್ಚಿಸಿದರು. ಇಷ್ಟನ್ನು ಯಾರಾದರೂ ಹೇಳುತ್ತಾರೆ. ಕೆಲವು ಕಿಟಕಿ ಬರೀ ಅಂದಕ್ಕೆ, ಎರಡೂ ಕಡೆ ಸಮ ಕಾಣಲಿ ಅಂತ ಮೊದಲಿನಿಂದಲೂ ಹಾಗೇ ಕಟ್ಟಿದ್ದು ಅನ್ನೋದನ್ನೂ ಸೇರಿಸಿ ಹೇಳುವವರು ಸಿಕ್ಕರೆ ಅವರ ಬೆನ್ನು ಬಿಡಬೇಡಿ.

ಬುಕ್ ಮಾಡುವಾಗ ನಾನು ಮೊದಲು ನೋಡುವುದು ಗುಂಪಿನಲ್ಲಿ ಎಷ್ಟು ಜನ ಅನ್ನೋದನ್ನ. ಹನ್ನೆರಡು, ಹದಿನೈದು ದಾಟಿದರೆ ಹಿಂದೆ ನಿಂತವರಿಗೆ ಕೇಳುವುದು ಟ್ರಾಫಿಕ್ ಸದ್ದು ಮಾತ್ರ. ನಾನೊಮ್ಮೆ ನಲವತ್ತು ಜನರ ಮಂದೆಯಲ್ಲಿ ಸಿಕ್ಕಿಹಾಕಿಕೊಂಡು ಎರಡು ಗಂಟೆ ಬರೀ ಗೈಡಮ್ಮನ ಹಳದಿ ಕೊಡೆ ನೋಡಿ ಬಂದೆ. ವೆನಿಸ್ ನಗರದವರಂತೂ ಬೇಸತ್ತು 2024ರಲ್ಲಿ ಗುಂಪಿಗೆ 25 ಜನರ ಮಿತಿ ಹಾಕಿ, ಲೌಡ್‌ಸ್ಪೀಕರನ್ನೂ ನಿಷೇಧಿಸಿದರು.

ಇನ್ನು "ಫ್ರೀ ವಾಕಿಂಗ್ ಟೂರ್" ಅಂತ ಕಂಡರೆ, ಕೊನೆಯಲ್ಲಿ ಟಿಪ್ಸ್ ಕೊಡಬೇಕು ಅಂತ ಅರ್ಥ. ಆ ಟಿಪ್ಸೇ ಗೈಡ್ ಸಂಪಾದನೆ. ಕೆಲವು ಕಡೆ ತಲೆಗೆ ಇಷ್ಟು ಅಂತ ಗೈಡೇ ಟೂರ್ ಕಂಪನಿಗೆ ಕಟ್ಟಬೇಕು, ಹಾಗಾಗಿ ಮುಗಿಯುವ ಹೊತ್ತಿಗೆ ಮೆಲ್ಲಗೆ ಜಾರಿಕೊಳ್ಳಬೇಡಿ. ಮಧ್ಯದಲ್ಲಿ ಅಂಗಡಿಗೆ ಕರೆದುಕೊಂಡು ಹೋಗುವ ಟೂರ್ ಆದರೆ ನಾನು ಕಾಸೂ ಕೊಡುವುದಿಲ್ಲ, ಅದು ಬೇರೆ ಮಾತು.

ಊರಿಗೆ ಹೋದ ಮೊದಲ ದಿನವೇ, ಬೆಳಿಗ್ಗೆಯೇ ಟೂರ್ ಮಾಡಿ. ಕೊನೆಯ ದಿನ ಮಾಡಿದರೆ ನೋಡದೇ ಬಿಟ್ಟಿದ್ದರ ಪಟ್ಟಿ ಹಿಡಿದುಕೊಂಡು ವಾಪಸ್ ಬಸ್ ಹತ್ತಬೇಕಾಗುತ್ತದೆ. ಹೊಸ ಶೂ ಬೇಡ, ಕಲ್ಲುಹಾಸಿನ ಬೀದಿಯಲ್ಲಿ ಕಾಲು ಕಚ್ಚುತ್ತವೆ. ಟೂರ್ ಮುಗಿದ ಮೇಲೆ ಹೊರಟ ಜಾಗಕ್ಕೆ ಅದೇ ಬೀದಿಗಳಲ್ಲಿ ಒಬ್ಬರೇ ನಡೆದು ಬನ್ನಿ. ಈಗ ಫೋನ್ ತೆಗೆಯಿರಿ, ಏನು ಹುಡುಕಬೇಕು ಅಂತ ಗೊತ್ತಿರುತ್ತದೆ.