ಮರಿಗೆ ಕಣ್ಣು ಕಾಣುತ್ತದೆ ಮಾರಾಯ್ರೇ

ಮಂಗಳೂರಿನಲ್ಲಿ ಮನೆಯಲ್ಲೇ ಫೈಟರ್ ಮೀನಿನ ಮರಿ ಮಾಡಿಸುವವರು ಈಗ ಜಾಸ್ತಿ. ಮೀನಿನ ಡಾಕ್ಟರ್ ಅಂತ ನನಗೆ ಅವರಿಂದ ಬರುವ ಫೋನು ಮಾತ್ರ ಒಂದೇ ತರದ್ದು: "ಮರಿಗಳು ತಿಂಡಿಯ ಪುಡಿ ಮುಟ್ಟುವುದೇ ಇಲ್ಲ ಡಾಕ್ಟ್ರೇ, ಕಣ್ಣು ಕಾಣುವುದಿಲ್ಲವೋ ಏನೋ, ಡ್ರಾಪ್ಸ್ ಉಂಟಾ?"

ಕಣ್ಣಲ್ಲಿ ಚಿತ್ರ ಮೂಡುತ್ತದೆ, ಮಿದುಳು ಅದನ್ನು ನೋಡಿ ತಿಂಡಿ ಅಂತ ಗುರುತಿಸುತ್ತದೆ ಎನ್ನುವುದು ಎಲ್ಲರ ಲೆಕ್ಕ. ಮರಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ. ಅದರ ಕಣ್ಣಿನ ಪರದೆಯ ನರಕೋಶಗಳೇ ಕೆಲಸ ಹಂಚಿಕೊಂಡಿವೆ. ಕೆಲವು ಓಡಾಡುವ ಸಣ್ಣ ಚುಕ್ಕಿಗೆ ಮಿಡಿಯುತ್ತವೆ, ಕೆಲವು ದೊಡ್ಡದಾಗುತ್ತಾ ಬರುವ ಕಪ್ಪು ನೆರಳಿಗೆ. ಎಡಗಣ್ಣಿನ ನರ ಪೂರ್ತಿ ಬಲ ಮಿದುಳಿಗೆ ಹೋಗುತ್ತದೆ, ಬಲಗಣ್ಣಿನದು ಎಡಕ್ಕೆ. ಹೆಚ್ಚಿನ ಎಳೆಗಳು ಸೇರುವುದು ಟೆಕ್ಟಮ್ ಎಂಬ ಭಾಗಕ್ಕೆ. ಅಲ್ಲಿ ಸುತ್ತಲಿನ ಜಾಗದ ನಕ್ಷೆಯೇ ಉಂಟು. ಎದುರು ಕಂಡದ್ದು ಅದರ ಮುಂದಿನ ತುದಿಯಲ್ಲಿ, ಹಿಂದೆ ಕಂಡದ್ದು ಹಿಂದಿನ ತುದಿಯಲ್ಲಿ. ಚುಕ್ಕಿ ಇರುವ ಕಡೆಯ ಕೋಶಗಳು ಮಿಡಿದವೋ, ಎರಡೂ ಕಣ್ಣು ಒಳಗೆ ತಿರುಗುತ್ತವೆ, ಬಾಲ ಬಳುಕುತ್ತದೆ, ಮರಿ ಬೇಟೆಗೆ ಹೊರಟಿತು.

ಇದೆಲ್ಲ ಗೊತ್ತಾದದ್ದು ಹೆಚ್ಚಾಗಿ ಜೀಬ್ರಾಮೀನಿನ ಮರಿಯಿಂದ. ಅದರ ಮೈ ಪಾರದರ್ಶಕ, ಮಿದುಳಿನಲ್ಲಿ ಸುಮಾರು 1 ಲಕ್ಷ ನರಕೋಶ. 2013ರಲ್ಲಿ ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ಕೋಶಗಳು ಮಿಡಿಯುವುದನ್ನು, ಮರಿ ಜೀವಂತ ಇರುವಾಗಲೇ, ಒಂದೊಂದಾಗಿ ಗುರುತಿಸುವ ಹಾಗೆ ಸೂಕ್ಷ್ಮದರ್ಶಕದಲ್ಲಿ ದಾಖಲಿಸಿದರು. ಮರಿಯ ಎದುರು ಸ್ಕ್ರೀನಿನ ಮೇಲೆ ಬರೀ ಒಂದು ಚುಕ್ಕಿ ಓಡಿಸಿದರೂ ಮರಿ ಅದನ್ನು ಹಿಡಿಯಲು ಹೋಗುತ್ತದೆ. ಚುಕ್ಕಿ ದೊಡ್ಡದು ಮಾಡಿ, ಅದೇ ಮರಿ ದೂರ ಸರಿಯುತ್ತದೆ. ಫೈಟರ್ ಮರಿಯಲ್ಲೂ ಪ್ರತಿಯೊಂದು ಹೀಗೇ ಅಂತ ನಾನು ಬರೆದುಕೊಡುವುದಿಲ್ಲ, ಆದರೆ ತಿನ್ನುವ ರೀತಿ ನೋಡಿದರೆ ಬೇರೆ ಅನಿಸುವುದಿಲ್ಲ.

ಈಗ ನಿಮ್ಮ ಪುಡಿ. ತಳದಲ್ಲಿ ಸುಮ್ನೆ ಬಿದ್ದಿದೆ, ಅಲುಗಾಡುವುದಿಲ್ಲ. ಮರಿಯ ಕಣ್ಣಿಗೆ ಬಿದ್ದರೂ ಬೇಟೆಯ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಮೀನಾದರೆ ಪೆಲೆಟ್ (ಒಣ ತಿಂಡಿಯ ಗುಳಿಗೆ) ತಿನ್ನಲು ಕಲಿಯುತ್ತದೆ, ಅದು ಬೇರೆ ಮಾತು.

ಕದ್ರಿ ಕಡೆಯ ಒಬ್ಬರು ಅಂಕಲ್, ಬಹಳ ಒಳ್ಳೆಯವರು, ಮೊಟ್ಟೆಯ ಹಳದಿ ಪುಡಿ ಹಾಕಿ, ಮರಿಗಳು ತಿಂದವಾ ಅಂತ ನಿಮಿಷಕ್ಕೊಮ್ಮೆ ಟ್ಯಾಂಕಿನ ಮೇಲೆ ಬಗ್ಗಿ ನೋಡುತ್ತಿದ್ದರು. ಮರಿಗೆ ಅವರ ತಲೆ ಅಂದರೆ ದೊಡ್ಡದಾಗುತ್ತಾ ಬರುವ ನೆರಳು! ಆ ಸುದ್ದಿ ಟೆಕ್ಟಮ್‌ನಿಂದ ಹಿಮ್ಮಿದುಳಿನ ಮೌತ್ನರ್ ಎಂಬ ಒಂದು ಜೊತೆ ದೊಡ್ಡ ಕೋಶಗಳಿಗೆ ಹೋದರೆ ಮುಗಿಯಿತು, ಮರಿ ಮೈ ಬಿಲ್ಲಿನ ಹಾಗೆ ಬಾಗಿಸಿ ಪರಾರಿ. ಊಟಕ್ಕೆ ಕೂರಿಸಿ ಹೆದರಿಸಿದಂತೆ ಆಯಿತಲ್ವಾ?

ಆರ್ಟೀಮಿಯಾ (ನೀರಲ್ಲಿ ಓಡಾಡುವ, ಸೀಗಡಿಯಂಥ ಪುಟ್ಟ ಜೀವಿ) ಮೊಟ್ಟೆ ತಂದು ಉಪ್ಪುನೀರಿನಲ್ಲಿ ಮರಿ ಮಾಡಿ ಹಾಕಿ, ಆಮೇಲೆ ದೂರ ಕೂತುಕೊಳ್ಳಿ ಅಂದೆ. ಎರಡು ದಿನ ಬಿಟ್ಟು ವಿಡಿಯೋ ಕಳಿಸಿದರು, ಎಲ್ಲಾ ಮರಿಗಳ ಹೊಟ್ಟೆಯೂ ಕಿತ್ತಳೆ ಬಣ್ಣ. ಮರಿ ತೀರಾ ಸಣ್ಣದಾಗಿದ್ದರೆ ಮೊದಲು ಇನ್ಫುಸೋರಿಯಾ (ನೀರಿನ ಇನ್ನೂ ಸಣ್ಣ ಸೂಕ್ಷ್ಮಜೀವಿಗಳು) ಕೊಡಿ.

ಕಣ್ಣು ಬೆಳ್ಳಗಾಗಿದ್ದರೆ ಅಥವಾ ಉಬ್ಬಿದ್ದರೆ ಬೇರೆ ವಿಷಯ. ಆಗಲೂ ಮೊದಲು ನೀರಿನ ಅಮೋನಿಯಾ ಟೆಸ್ಟ್ ಮಾಡಿಸಿ. ಬರೀ ಫೋಟೋ ನೋಡಿ ನಾನು ಔಷಧ ಹೇಳುವುದಿಲ್ಲ.